ಕಾಖೇತಿಯ ವೈನ್ ಮನೆಗಳಿಗೆ ಹೋಗಬೇಕೆನ್ನುವ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿಯವನು. ಕುಷ್ಟಗಿ ಕಡೆ ನಮ್ಮದು ದ್ರಾಕ್ಷಿ, ದಾಳಿಂಬೆ ತೋಟ ಇದೆ. ಜಾರ್ಜಿಯಾ ದೇಶದ ಕಾಖೇತಿಗೆ ಹೋಗಿ ಬಂದ ಮೇಲೆ ಸುತ್ತಲಿನ ಬೆಳೆಗಾರರು, ನೆಂಟರು, ಗೆಳೆಯರು ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಟ್ಟರೆ ಅನುಕೂಲ ಅನ್ನಿಸಿತು. ಕುಡಿಯೋಕೆ ಅಂತ ಹೊರಟವರಿಗೆ ಇದರಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ. ಬಳ್ಳಿ, ಮಣ್ಣು, ಕೆಲಸ ನೋಡಬೇಕು ಅನ್ನುವವರಿಗೆ ಸಿಗುತ್ತದೆ.

ಕಾಖೇತಿ ಎಲ್ಲಿದೆ? ಅಲ್ಲಿಗೇ ಯಾಕೆ ಹೋಗಬೇಕು?

ಕಪ್ಪು ಸಮುದ್ರದ ಪೂರ್ವಕ್ಕೆ, ಕಾಕಸಸ್ ಬೆಟ್ಟಸಾಲಿನ ಕೆಳಗೆ ಜಾರ್ಜಿಯಾ ಇದೆ. ಆ ದೇಶದ ಪೂರ್ವದ ತುದಿಯೇ ಕಾಖೇತಿ. ಒಂದು ಕಡೆ ಹಿಮದ ಬೆಟ್ಟ, ಕೆಳಗೆ ಅಲಜಾನಿ ನದಿಯ ಬಯಲು, ಬಯಲು ತುಂಬಾ ದ್ರಾಕ್ಷಿ. ಜಾರ್ಜಿಯಾದ ವೈನಿನಲ್ಲಿ ದೊಡ್ಡ ಪಾಲು ಇಲ್ಲಿನದೇ.

ಹಳೆಯದು ಅಂದರೆ ಎಷ್ಟು ಹಳೆಯದು ಅಂತ ಕೇಳುತ್ತಾರೆ. ರಾಜಧಾನಿ ತ್ಬಿಲಿಸಿಯ ದಕ್ಷಿಣಕ್ಕೆ ಗದಾಚ್ರಿಲಿ ಗೋರಾ, ಶುಲಾವೇರಿ ಗೋರಾ ಎಂಬ ಎರಡು ಹಾಳು ದಿಬ್ಬಗಳಿವೆ. ಅಲ್ಲಿ ಅಗೆದಾಗ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತು ಪತ್ತೆಯಾಯಿತು. ಆ ಚೂರುಗಳು ಸುಮಾರು 8,000 ವರ್ಷ ಹಿಂದಿನವು. ಸಂಶೋಧನೆ 2017ರಲ್ಲಿ ಪ್ರಕಟವಾಯಿತು. ಅಲ್ಲಿಂದ ಇಲ್ಲಿಯವರೆಗೆ ಆ ನಾಡಿನ ಜನ ಈ ಕೆಲಸ ಬಿಟ್ಟಿಲ್ಲ. ಇವತ್ತಿಗೂ ಮಣ್ಣಿನ ಗುಡಾಣವನ್ನು ನೆಲದಲ್ಲಿ ಹೂತು ಅದರಲ್ಲೇ ವೈನ್ ಮಾಡುತ್ತಾರೆ. ನಾನು ಹೋಗಿದ್ದು ಅದನ್ನು ನೋಡೋಕೆ.

ನಮ್ಮ ಜಿಲ್ಲೆಯಲ್ಲೇ ವೈನ್ ತೋಟ ಇದೆಯಂತಲ್ಲ? ಅಷ್ಟು ದೂರ ಯಾಕೆ?

ಇದೆ. ಕೊಪ್ಪಳ ಜಿಲ್ಲೆಯಲ್ಲಿ, ಹಂಪಿ ಗುಡ್ಡಗಳ ಸೀಮೆಯಲ್ಲಿ, ಕೃಷ್ಮಾ ಎಸ್ಟೇಟ್ಸ್ ಅಂತ ಒಂದು ವೈನರಿ ಇದೆ. ಕ್ಯಾಬರ್ನೆ ಸೊವಿನ್ಯೋಂ, ಸಾಂಜೊವೇಸೆ ಥರದ ಯುರೋಪಿನ ತಳಿಗಳನ್ನು ನಮ್ಮದೇ ಕಲ್ಲು ನೆಲದಲ್ಲಿ ಬೆಳೆದು ತೋರಿಸಿದ್ದಾರೆ. ಮುಂಚೆಯೇ ಕೇಳಿಕೊಂಡು, ಒಪ್ಪಿದರೆ ಅದನ್ನು ಮೊದಲು ನೋಡಿ. ಖಂಡಿತ ಹೆಮ್ಮೆ ಅನ್ನಿಸುತ್ತದೆ. ನಮ್ಮ ಸೀಮೆಗೆ ದ್ರಾಕ್ಷಿ ಹೊಸದೂ ಅಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಪೇಟೆಯಲ್ಲಿ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಸಿಗುತ್ತಿದ್ದವು ಅಂತ ಬರೆದಿದ್ದಾನೆ.

ಆದರೆ ಅದು ತಿನ್ನುವ ದ್ರಾಕ್ಷಿ. ನಾವು ಇವತ್ತು ಬೆಳೆಯುವುದೂ ಜಾಸ್ತಿ ಅದೇ. ಥಾಮ್ಸನ್, ಮಾಣಿಕ್ ಚಮನ್, ಶರದ್ ಥರದ ತಳಿಗಳು. ಒಂದೋ ಪೇಟೆಗೆ, ಇಲ್ಲವೇ ಒಣದ್ರಾಕ್ಷಿಗೆ. ವೈನ್ ದ್ರಾಕ್ಷಿಯನ್ನು ಊರಿಗೆ ಊರೇ ಬೆಳೆದು, ಮನೆ ಮನೆಯಲ್ಲಿ ವೈನ್ ಮಾಡುವುದನ್ನು ನೋಡಬೇಕಾದರೆ ಕಾಖೇತಿಗೆ ಹೋಗಬೇಕು.

ನಾನು ಕುಡಿಯುವುದಿಲ್ಲ. ಹೋಗಬಹುದಾ? ಮನೆಯಲ್ಲಿ ಏನಂತ ಹೇಳಲಿ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನಮ್ಮ ಕಡೆ ಕುಡಿತ ಅಂದರೆ ಹೆಂಗಸರಿಗೆ ಯಾಕೆ ಸಿಟ್ಟು ಬರುತ್ತದೆ ಅಂತ ನಮಗೆಲ್ಲ ಗೊತ್ತು. ಸಾರಾಯಿ ಎಷ್ಟು ಮನೆ ಹಾಳು ಮಾಡಿದೆ ಅಂತ ನೋಡಿಯೇ ಬೆಳೆದಿದ್ದೇವೆ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಗಬೇಕು ಅಂತ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ರಾಯಚೂರು ಕಡೆಯ ಹೆಂಗಸರೂ ಅದರಲ್ಲಿದ್ದರು. ಅವರ ಸಿಟ್ಟು ನ್ಯಾಯದ ಸಿಟ್ಟು. ಅದನ್ನು ಮರೆತು ವೈನ್ ಅಂದರೆ ಬೇರೆ, ಅದು ಕುಡಿತ ಅಲ್ಲ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ವೈನಿನಲ್ಲೂ ಇರುವುದು ಆಲ್ಕೋಹಾಲೇ.

ಆದರೆ ವೈನರಿ ನೋಡೋಕೆ ಕುಡಿಯಲೇಬೇಕು ಅಂತ ಏನೂ ಇಲ್ಲ. ತೋಟ ನೋಡಬಹುದು, ಮಾಡುವುದನ್ನು ನೋಡಬಹುದು, ಮೂಸಿ ನೋಡಬಹುದು, ಊಟ ಮಾಡಿ ಬರಬಹುದು. "ನಾನು ಕುಡಿಯಲ್ಲ" ಅಂತ ಬಾಗಿಲಲ್ಲೇ, ಲೋಟ ತುಂಬುವ ಮುಂಚೆ ಹೇಳಿಬಿಡಿ. ಸುರಿದ ಮೇಲೆ ಬೇಡ ಅಂದರೆ ಅವರಿಗೆ ಬೇಜಾರಾಗುತ್ತದೆ. ಮೊದಲೇ ಹೇಳಿದರೆ ದ್ರಾಕ್ಷಿ ರಸವೋ, ನೀರೋ ಕೊಡುತ್ತಾರೆ. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು ಒಂದು ಹನಿಯನ್ನೂ ಮುಟ್ಟಲಿಲ್ಲ. ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳಿದವರು ಅವರೇ.

ಮನೆಯಲ್ಲಿ ಸುಳ್ಳು ಹೇಳಬೇಡಿ. ಅವ್ವನನ್ನೋ ಹೆಂಡತಿಯನ್ನೋ ಕರೆದುಕೊಂಡೇ ಹೋಗಿ. ಕಾಖೇತಿಯ ಮನೆಗಳಲ್ಲಿ ಹೆಂಗಸರೂ ಗಂಡಸರೂ ಸೇರಿಯೇ ದ್ರಾಕ್ಷಿ ಕೊಯ್ಯುತ್ತಾರೆ. ಇಬ್ಬರೂ ಕೂಡಿ ನೋಡಿದರೆ ಮಾತಾಡೋಕೆ ವಿಷಯ ಸಿಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಅಲ್ಲಿ ಸುಗ್ಗಿ. ಅದಕ್ಕೆ ರ್ತ್ವೇಲಿ ಅನ್ನುತ್ತಾರೆ. ಊರೆಲ್ಲ ಹಣ್ಣಿನ ವಾಸನೆ, ರಸ್ತೆ ತುಂಬಾ ದ್ರಾಕ್ಷಿ ಹೇರಿದ ಗಾಡಿಗಳು. ಪಟ್ಟಣಕ್ಕೆ ಹೋದ ಮಕ್ಕಳು, ನೆಂಟರೆಲ್ಲ ಕೊಯ್ಲಿಗೆ ಊರಿಗೆ ಬರುತ್ತಾರೆ.

ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ ಇರುತ್ತಲ್ಲ, ಅದಕ್ಕೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹೋಗಿ ಬಂದುಬಿಡುವುದು ಒಳ್ಳೆಯದು. ಗಂಗಾವತಿ, ಸಿಂಧನೂರು ಕಡೆಯ ಭತ್ತದವರಿಗೂ ಆ ಹೊತ್ತಿಗೆ ನಾಟಿ ಮುಗಿದು ಸ್ವಲ್ಪ ಬಿಡುವಿರುತ್ತದೆ. ಗುಡಾಣದ ಬಾಯಿ ತೆಗೆಯುವುದನ್ನು ನೋಡಬೇಕು ಅಂದರೆ ಮಾತ್ರ ವಸಂತಕಾಲದಲ್ಲಿ, ಅಂದರೆ ಏಪ್ರಿಲ್ ಸುಮಾರಿಗೆ ಹೋಗಿ. ಚಳಿಗಾಲದಲ್ಲಿ ಬಳ್ಳಿ ಬರೀ ಕಡ್ಡಿ. ನಮ್ಮಂಥವರಿಗೆ ಆ ಚಳಿಯೂ ಆಗುವುದಿಲ್ಲ.

ಇಲ್ಲಿಂದ ಹೋಗುವುದು ಹೇಗೆ? ವೀಸಾ ಬೇಕಾ?

ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಬೆಂಗಳೂರು ಸೇರಬಹುದು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಎರಡೂ ಕಡೆಯಿಂದ ದುಬೈಯಂಥ ಗಲ್ಫ್ ಊರಿನಲ್ಲಿ ವಿಮಾನ ಬದಲಿಸಿ ತ್ಬಿಲಿಸಿಗೆ ಹೋಗುತ್ತಾರೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.

ವೀಸಾ ಬೇಕು, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ನಿಯಮ ಆಗಾಗ ಬದಲಾಗುತ್ತಿರುತ್ತದೆ. ಅದಕ್ಕೆ ಟಿಕೆಟ್ ಮಾಡುವ ಮುಂಚೆ ಆ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿಯೇ ಮುಂದುವರಿಯಿರಿ. ಏಜೆಂಟ್ ಬಾಯಿಮಾತು ಸಾಲದು. ಪ್ರಯಾಣ ವಿಮೆ ಮಾಡಿಸಿ. ವಿಮಾನ ನಿಲ್ದಾಣದಲ್ಲಿ ಭಾರತೀಯರನ್ನು ಸ್ವಲ್ಪ ಜಾಸ್ತಿಯೇ ಪ್ರಶ್ನೆ ಮಾಡುತ್ತಾರೆ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ, ಹಣದ ದಾಖಲೆ ಎಲ್ಲವನ್ನೂ ಕಾಗದದಲ್ಲಿ ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಳ್ಳಿ. ಮೊಬೈಲ್ ಚಾರ್ಜ್ ಮುಗಿದರೆ ಕಷ್ಟ.

ಎಲ್ಲಿ ಉಳಿದುಕೊಳ್ಳಬೇಕು?

ತೆಲಾವಿ ಅಥವಾ ಸಿಘ್ನಾಘಿ. ಸಿಘ್ನಾಘಿ ಗುಡ್ಡದ ಮೇಲಿನ ಕೋಟೆ ಊರು, ನೋಡೋಕೆ ಚೆಂದ, ಪ್ರವಾಸಿಗರೂ ಜಾಸ್ತಿ. ತೆಲಾವಿ ಕೆಲಸದ ಊರು. ಸಂತೆ ಇದೆ, ಸುತ್ತಲೂ ವೈನ್ ಮನೆಗಳಿವೆ. ನನ್ನ ಆಯ್ಕೆ ತೆಲಾವಿ. ತ್ಬಿಲಿಸಿಯಿಂದ ಗೊಂಬೋರಿ ಘಾಟಿನ ಮೇಲೆ ಹೋದರೆ ಸುಮಾರು 2 ಗಂಟೆ ದಾರಿ.

ತ್ಬಿಲಿಸಿಯಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರುವ ಪ್ಯಾಕೇಜ್ ತುಂಬಾ ಇವೆ. ದಯವಿಟ್ಟು ಅದನ್ನು ತಗೋಬೇಡಿ. ಬಸ್ಸಿನಲ್ಲಿ ಕೂತಿದ್ದೇ ಬಂತು ಅನ್ನಿಸುತ್ತದೆ. ಊರಲ್ಲಿ ಮಲಗಿ, ಬೆಳಗ್ಗೆ ಕೊಯ್ಲಿನವರ ಜೊತೆ ತೋಟಕ್ಕೆ ಹೋದರೆ ಮಾತ್ರ ಹೋಗಿದ್ದು ಸಾರ್ಥಕ.

ಕ್ವೆವ್ರಿ ಅಂತಾರಲ್ಲ, ಅದು ಏನು? ಹೇಗೆ ಮಾಡುತ್ತಾರೆ?

ಕ್ವೆವ್ರಿ ಅಂದರೆ ಹಿಡಿಕೆ ಇಲ್ಲದ, ತಳ ಚೂಪಾದ ಮಣ್ಣಿನ ಗುಡಾಣ. ಮೊಟ್ಟೆಯ ಆಕಾರ. ಸಣ್ಣದೂ ಇರುತ್ತದೆ, ಸಾವಿರಾರು ಲೀಟರ್ ಹಿಡಿಯುವುದೂ ಇರುತ್ತದೆ. ಅದನ್ನು ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರೆ. ಒಳಗೆ ಹೋದರೆ ನೆಲದ ಮೇಲೆ ಬರೀ ದುಂಡನೆಯ ಬಾಯಿಗಳು ಕಾಣುತ್ತವೆ. ಆ ಕೋಣೆಗೆ ಮರಾನಿ ಅನ್ನುತ್ತಾರೆ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸೋಕೆ ಹಗೇವು ನೆನಪಿಸಿದರೆ ಸಾಕು. ಜೋಳ ಹಾಕಿಡೋಕೆ ಅಂಗಳದಲ್ಲಿ ಹಗೇವು ತೋಡಿ, ಮೇಲೆ ಕಲ್ಲು ಚಪ್ಪಡಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರಲ್ಲ, ಅದೇ ಲೆಕ್ಕ. ನೆಲದೊಳಗೆ ಬಿಸಿಲಿಲ್ಲ, ಗಾಳಿಯಿಲ್ಲ, ವರ್ಷವಿಡೀ ಒಂದೇ ತಂಪು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗಲಿ ಅಂತ ಕಾಯುತ್ತಿದ್ದರು. ಕ್ವೆವ್ರಿಯಲ್ಲೂ ಅದೇ ಎಚ್ಚರ. ರಸ ಹುದುಗುವಾಗ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಒಳಗೆ ಕೂತಿರುತ್ತದೆ. ಅದು ಉಸಿರು ಕಟ್ಟಿಸುತ್ತದೆ. ಕೊಯ್ಲಿನ ಹೊತ್ತಿನಲ್ಲಿ ಮರಾನಿಯಲ್ಲಿ ಮಕ್ಕಳು ಗುಡಾಣದ ಬಾಯಿಗೆ ಬಗ್ಗದಂತೆ ನೋಡಿಕೊಳ್ಳಿ.

ಕಾಖೇತಿಯ ಪದ್ಧತಿ ಹೀಗಿದೆ. ಹಣ್ಣನ್ನು ಸತ್ಸ್ನಾಖೇಲಿ ಎಂಬ ಉದ್ದನೆಯ ತೊಟ್ಟಿಯಲ್ಲಿ ಹಾಕಿ ತುಳಿಯುತ್ತಾರೆ. ದೊಡ್ಡ ಮರದ ದಿಮ್ಮಿಯನ್ನು ಟೊಳ್ಳು ಮಾಡಿ ಮಾಡಿದ ತೊಟ್ಟಿ ಅದು. ರಸ ಕ್ವೆವ್ರಿಗೆ ಇಳಿಯುತ್ತದೆ. ಸಿಪ್ಪೆ, ಬೀಜ, ಮಾಗಿದ ತೊಟ್ಟು ಕೂಡ ಜೊತೆಗೇ ಹೋಗುತ್ತವೆ. ಹೊರಗಿನಿಂದ ಹೆಪ್ಪು ಹಾಕುವುದಿಲ್ಲ, ಹಣ್ಣಿನ ಮೇಲಿರುವ ಯೀಸ್ಟ್ ತಾನೇ ಕೆಲಸ ಶುರು ಮಾಡುತ್ತದೆ. ಆ ದಿನಗಳಲ್ಲಿ ಸಿಪ್ಪೆ ಮೇಲೆ ತೇಲಿ ಗಟ್ಟಿಯಾಗಿ ಕೂರುತ್ತದೆ. ಅದನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಕೆಳಗೆ ಒತ್ತಬೇಕು. ಒತ್ತುವಾಗ ಬಗ್ಗದೆ, ಸ್ವಲ್ಪ ದೂರ ನಿಂತು ಕೇಳಿದರೆ ಗುಳುಗುಳು ಸದ್ದು ಕೇಳುತ್ತದೆ. ಹುದುಗು ನಿಂತ ಮೇಲೆ ಚಪ್ಪಡಿ ಮುಚ್ಚಿ, ಸುತ್ತ ಹಸಿ ಜೇಡಿಮಣ್ಣು ಮೆತ್ತಿ, ಐದಾರು ತಿಂಗಳು ಬಿಡುತ್ತಾರೆ.

ತಳ ಚೂಪಾಗಿರುವುದು ಸುಮ್ನೆ ಅಲ್ಲ. ಬೀಜ ಮೊದಲು ಕೆಳಗೆ ಇಳಿದು ಆ ಚೂಪು ಜಾಗದಲ್ಲಿ ಸೇರಿಕೊಳ್ಳುತ್ತದೆ. ಅದರ ಮೇಲೆ ಸಿಪ್ಪೆ ಕೂರುತ್ತದೆ. ಹೀಗಾಗಿ ಬೀಜದ ಒಗರು ರಸಕ್ಕೆ ಜಾಸ್ತಿ ಇಳಿಯುವುದಿಲ್ಲ. ಸಿಪ್ಪೆಯ ಜೊತೆ ಅಷ್ಟು ದಿನ ಇರುವುದರಿಂದ ಬಿಳಿ ದ್ರಾಕ್ಷಿಯ ವೈನ್ ಕೂಡ ಜೇನಿನ ಬಣ್ಣಕ್ಕೆ ತಿರುಗುತ್ತದೆ. ರುಚಿ ನಾಲಿಗೆಗೆ ಸ್ವಲ್ಪ ಒಗರೇ.

ಗುಡಾಣ ಮಾಡುವವರೂ ಅಲ್ಲೇ ಇದ್ದಾರೆ. ತೆಲಾವಿ ಹತ್ತಿರ ವಾರ್ದಿಸುಬಾನಿ ಎಂಬ ಊರಿನಲ್ಲಿ ನೋಡಬಹುದು. ತಿರುಗುವ ಚಕ್ರ ಇಲ್ಲ. ಕೈಯಿಂದ ಒಂದೊಂದೇ ಸುತ್ತು ಮಣ್ಣು ಏರಿಸುತ್ತಾ ಹೋಗುತ್ತಾರೆ. ಕೆಳಗಿನ ಸುತ್ತು ಸ್ವಲ್ಪ ಬಿಗಿಯಾಗದೆ ಮೇಲಿನದನ್ನು ಇಡುವ ಹಾಗಿಲ್ಲ. ದೊಡ್ಡದಕ್ಕೆ ವಾರಗಟ್ಟಲೆ ಬೇಕು. ಸುಟ್ಟ ಮೇಲೆ ಬಿಸಿಯಿರುವಾಗಲೇ ಒಳಗೆ ಜೇನುಮೇಣ ಸವರುತ್ತಾರೆ. ಈ ವೈನ್ ಮಾಡುವ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ವೈನಿಗಿಂತ ಮೊದಲು ಈ ಕುಂಬಾರಿಕೆ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ದೊಡ್ಡ ಕಾರ್ಖಾನೆ ನೋಡಬೇಕಾ, ಸಣ್ಣ ಮನೆಗಳನ್ನಾ?

ಒಂದು ದೊಡ್ಡದು ಸಾಕು. ಉಳಿದದ್ದೆಲ್ಲ ಸಣ್ಣದು.

ದೊಡ್ಡದಕ್ಕೆ ಕ್ವಾರೆಲಿ ಎಂಬ ಊರಿನ ಖರೇಬಾ ವೈನ್ ಸುರಂಗ ಚೆನ್ನಾಗಿದೆ. ಜಾರ್ಜಿಯಾ ಸೋವಿಯತ್ ಒಕ್ಕೂಟದಲ್ಲಿದ್ದ ಕಾಲದಲ್ಲಿ ಬೆಟ್ಟದ ಬಂಡೆ ಕೊರೆದು ಮಾಡಿದ್ದು, ಒಟ್ಟು 7.7 ಕಿಲೋಮೀಟರ್ ಉದ್ದ. ಒಳಗೆ ವರ್ಷವಿಡೀ 12ರಿಂದ 14 ಡಿಗ್ರಿ. ಶಾಲು ಒಯ್ಯಿರಿ. ತ್ಸಿನಾಂದಾಲಿ ಎಂಬ ಊರಿನಲ್ಲಿ ಅಲೆಕ್ಸಾಂಡರ್ ಚಾವ್‌ಚಾವಾದ್ಸೆ ಎಂಬ ಕವಿ, ಸೇನಾಧಿಕಾರಿಯ ಮನೆ, ತೋಟ ಇದೆ. 19ನೇ ಶತಮಾನದಲ್ಲಿ ಯುರೋಪಿನ ಪದ್ಧತಿಯ ವೈನ್ ಆ ನಾಡಿನಲ್ಲಿ ಬೇರು ಬಿಟ್ಟದ್ದು ಅಲ್ಲಿಂದ.

ಸಣ್ಣ ಮನೆಗಳು ಯಾಕೆ ಮುಖ್ಯ ಅನ್ನೋಕೆ ಸ್ವಲ್ಪ ಹಿಂದಿನ ಕಥೆ ಬೇಕು. ಸೋವಿಯತ್ ಕಾಲದಲ್ಲಿ ಜಾರ್ಜಿಯಾದವರು ಜಾಸ್ತಿ ಬೆಳೆಯಬೇಕು, ಬೇಗ ಕಳಿಸಬೇಕು, ಅಷ್ಟೇ. ಅಲ್ಲಿ 500ಕ್ಕೂ ಜಾಸ್ತಿ ನಾಡ ತಳಿಗಳಿವೆ. ಆದರೆ ಕಾರ್ಖಾನೆಗೆ ಬೇಕಾದ ರ್ಕಾತ್ಸಿತೆಲಿ, ಸಪೆರಾವಿ ಥರದ ಕೆಲವೇ ತಳಿ ಎಲ್ಲ ಕಡೆ ತುಂಬಿದವು. 1985ರಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಮದ್ಯದ ವಿರುದ್ಧ ಕಾರ್ಯಕ್ರಮ ತಂದಾಗ ಎಷ್ಟೋ ತೋಟ ಕಿತ್ತರು. ಆಮೇಲೆ 2006ರಲ್ಲಿ ರಷ್ಯಾ ಜಾರ್ಜಿಯಾದ ವೈನನ್ನೇ ನಿಷೇಧಿಸಿತು. ಅದುವರೆಗೆ ಅವರ ಅತಿ ದೊಡ್ಡ ಪೇಟೆಯೇ ರಷ್ಯಾ. 2013ರವರೆಗೆ ಬಾಗಿಲು ಮುಚ್ಚಿತ್ತು. ಒಬ್ಬನೇ ಖರೀದಿದಾರನನ್ನು ನಂಬಿ ಕೂತರೆ ಏನಾಗುತ್ತದೆ ಅಂತ ನಮ್ಮ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅವರು ಬೇರೆ ದೇಶಗಳನ್ನು ಹುಡುಕಿದರು, ಗುಣಮಟ್ಟಕ್ಕೆ ಒತ್ತು ಕೊಟ್ಟರು. ಮನೆಗಷ್ಟೇ ಮಾಡಿಕೊಳ್ಳುತ್ತಿದ್ದ ಕ್ವೆವ್ರಿ ವೈನಿಗೆ ಎಷ್ಟೋ ಕುಟುಂಬಗಳು ಬಾಟಲಿ, ಚೀಟಿ ಮಾಡಿಸಿದವು. ಊರಿನ ಹೆಸರು, ತಳಿಯ ಹೆಸರು, ಮನೆತನದ ಹೆಸರು ಎಲ್ಲ ಅದರ ಮೇಲಿರುತ್ತದೆ. ನಮ್ಮ ದ್ರಾಕ್ಷಿ ಬಾಕ್ಸಿನ ಮೇಲೆ ಬೆಳೆದವರ ಹೆಸರು ಎಷ್ಟು ಕಡೆ ಇದೆ? ನನಗೆ ಅಲ್ಲಿ ಜಾಸ್ತಿ ತಟ್ಟಿದ್ದು ಇದು.

ಸಣ್ಣ ಮನೆಗಳಿಗೆ ಹೇಳದೆ ಹೋಗಬೇಡಿ. ಒಂದು ದಿನ ಮುಂಚೆ ಫೋನ್ ಮಾಡಿ, ಎಷ್ಟು ಜನ ಅಂತ ತಿಳಿಸಿ. ನೀವು ಉಳಿದ ಮನೆಯವರೇ ಮಾಡಿಕೊಡುತ್ತಾರೆ.

ದಿನಕ್ಕೆ ಎಷ್ಟು ಮನೆ ನೋಡಬಹುದು? ರುಚಿ ನೋಡುವಾಗ ಏನು ಗಮನಿಸಬೇಕು?

ಎರಡು. ಮೂರನೆಯದು ನಾಲಿಗೆಗೆ ಗೊತ್ತಾಗುವುದಿಲ್ಲ.

ಮೊದಲು ಬಣ್ಣ ನೋಡಿ, ಮೂಸಿ, ಆಮೇಲೆ ಒಂದು ಗುಟುಕು. ಬಾಯಲ್ಲಿ ಆಡಿಸಿ ಉಗುಳಬಹುದು, ಅದಕ್ಕೆ ಪಾತ್ರೆ ಇಟ್ಟಿರುತ್ತಾರೆ. ಉಗುಳಿದರೆ ಅವಮಾನ ಅಲ್ಲ. ನಮ್ಮವರಿಗೆ ಸಿಹಿ ಬೇಕಾದರೆ ಕಿಂಡ್ಜ್‌ಮರಾವುಲಿ ಕೇಳಿ, ಅದು ಅರೆ ಸಿಹಿ. ಒಗರು ಒಗ್ಗುವವರು ಕ್ವೆವ್ರಿಯ ರ್ಕಾತ್ಸಿತೆಲಿ ನೋಡಬೇಕು.

ಮನೆ ಊಟಕ್ಕೆ ಕೂತರೆ ರೀತಿ ಬೇರೆ. ತಮಾದಾ ಅಂತ ಒಬ್ಬರು ಮುಂದಾಳು ಇರುತ್ತಾರೆ. ಅವರು ಎದ್ದು ದೇವರಿಗೆ, ತೀರಿಹೋದವರಿಗೆ, ಅತಿಥಿಗಳಿಗೆ ಅಂತ ಮಾತಾಡಿದ ಮೇಲೆಯೇ ಲೋಟ ಎತ್ತುವುದು. ಮಾತು ನಡೆಯುವಾಗ ಮೊಬೈಲ್ ನೋಡಬೇಡಿ. ಕೊಂಬಿನಲ್ಲಿ ವೈನ್ ಕೊಟ್ಟರೆ ಅದನ್ನು ಕೆಳಗಿಡೋಕೆ ಬರುವುದಿಲ್ಲ, ಒಂದೇ ಸಲ ಮುಗಿಸಬೇಕು. ಬೇಡ ಅನ್ನಿಸಿದರೆ ಕೈಗೆ ತಗೊಳ್ಳಲೇಬೇಡಿ. ಚಾಚಾ ಅಂತ ಇನ್ನೊಂದು ಕೊಡುತ್ತಾರೆ. ಅದು ವೈನ್ ಅಲ್ಲ, ದ್ರಾಕ್ಷಿ ಸಿಪ್ಪೆಯಿಂದ ಭಟ್ಟಿ ಇಳಿಸಿದ್ದು, ತುಂಬಾ ಖಡಕ್. ಅದರಿಂದ ದೂರ ಇರಿ.

ತೋಟದವರು ಅಲ್ಲಿ ಏನು ನೋಡಬೇಕು?

ಮೊದಲು ಬಳ್ಳಿ. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಅದಕ್ಕೇ ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು ಚಾಟ್ನಿ ಮಾಡಿ, ಫೆಬ್ರವರಿ ಮಾರ್ಚ್ ಹೊತ್ತಿಗೆ ಕೊಯ್ಯುತ್ತೇವೆ. ಅಲ್ಲಿ ಎಲೆ ಉದುರಿ ಬಳ್ಳಿ ಮಲಗುತ್ತದೆ. ಚಳಿ ಮುಗಿಯುವಾಗ ಒಂದೇ ಸಲ ಕಡ್ಡಿ ಕತ್ತರಿಸುತ್ತಾರೆ. ಚಪ್ಪರ ಮನೆ ಅಂಗಳದಲ್ಲಿ ಇರುತ್ತದೆ, ತೋಟದಲ್ಲಿ ತಂತಿಗೆ ನೇರ ಕಟ್ಟಿರುತ್ತಾರೆ. ಕಾಯಿ ಸಣ್ಣದು, ಬೀಜ ಇದೆ, ಸಿಪ್ಪೆ ದಪ್ಪ. ನಮ್ಮ ಪೇಟೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ವೈನಿಗೆ ಬೇಕಾಗಿರುವುದು ಅಂಥದೇ. ಒಂದು ಸಪೆರಾವಿ ಹಣ್ಣನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ. ಕಪ್ಪು ದ್ರಾಕ್ಷಿಯ ತಿರುಳು ಸಾಮಾನ್ಯವಾಗಿ ಬೆಳ್ಳಗಿರುತ್ತದೆ, ಇದರ ತಿರುಳೂ ಕೆಂಪು. ಬೆರಳಿನ ಬಣ್ಣ ಸಂಜೆಯಾದರೂ ಹೋಗುವುದಿಲ್ಲ.

ಆಣೆಕಲ್ಲು ಮಳೆಯ ಬಗ್ಗೆ ತಪ್ಪದೆ ಕೇಳಿ. ಅವರಿಗೂ ಅದೇ ಗೋಳು. ಮೋಡಕ್ಕೆ ರಾಕೆಟ್ ಹಾರಿಸಿ ಆಣೆಕಲ್ಲು ತಡೆಯುವ ವ್ಯವಸ್ಥೆಯನ್ನು ಸರ್ಕಾರ 2015ರಿಂದ ಅಲ್ಲಿ ನಡೆಸುತ್ತಿದೆ. ಬೆಳೆಗಾರರ ಬಾಯಿಂದಲೇ ಅದರ ಒಳ್ಳೆಯದು ಕೆಟ್ಟದ್ದು ಕೇಳಬೇಕು.

ಮಠದಲ್ಲೂ ವೈನ್ ಮಾಡುತ್ತಾರಂತೆ, ನಿಜಾನಾ?

ನಿಜ. ತೆಲಾವಿ ಹತ್ತಿರ ಅಲವೆರ್ದಿ ಅಂತ ಕ್ರೈಸ್ತ ಮಠ ಇದೆ. ಅದರ ಗುಡಿ 11ನೇ ಶತಮಾನದ್ದು. ಅಲ್ಲಿನ ಸನ್ಯಾಸಿಗಳೇ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ. ಅವರಿಗೆ ವೈನ್ ಪೂಜೆಯ ವಸ್ತು. ಅವರ ನಾಡಿಗೆ ಧರ್ಮ ತಂದ ಸಂತ ನಿನೊ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ತನ್ನ ಕೂದಲಿನಿಂದ ಕಟ್ಟಿ ಶಿಲುಬೆ ಮಾಡಿಕೊಂಡಿದ್ದಳು ಅಂತ ನಂಬುತ್ತಾರೆ. ಹೆಂಗಸರು ತಲೆಗೆ ಬಟ್ಟೆ ಹಾಕಬೇಕು, ನಮ್ಮ ಸೀರೆ ಸೆರಗು ಸಾಕು. ಗಂಡಸರಿಗೆ ಚಡ್ಡಿ ನಡೆಯುವುದಿಲ್ಲ.

ನಾವು ಲಿಂಗಾಯತರು. ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಊಟ ಸಿಗುತ್ತದಾ?

ಸಿಗುತ್ತದೆ, ಹೆದರಬೇಡಿ. ಅಕ್ರೋಟು ಅರೆದು ತುಂಬಿದ ಬದನೆಕಾಯಿ, ಲೋಬಿಯೊ ಎಂಬ ಕಾಳಿನ ಸಾರು, ಸೊಪ್ಪು ಅಕ್ರೋಟು ಸೇರಿಸಿದ ಪ್ಖಾಲಿ, ಕಾಳು ತುಂಬಿದ ಲೋಬಿಯಾನಿ ರೊಟ್ಟಿ, ಮಣ್ಣಿನ ಒಲೆಯ ಗೋಡೆಗೆ ಬಡಿದು ಸುಟ್ಟ ಬಿಸಿ ರೊಟ್ಟಿ. ಖಾಚಾಪುರಿ ಅಂದರೆ ಚೀಸ್ ತುಂಬಿದ್ದು. ಅಜಾರಾ ಸೀಮೆಯ ಖಾಚಾಪುರಿಯ ಮೇಲೆ ಮೊಟ್ಟೆ ಒಡೆದು ಹಾಕುತ್ತಾರೆ, ಬೇಡ ಅನ್ನಿ. ಬೇರೆ ಖಾಚಾಪುರಿಯ ಹಿಟ್ಟಿನಲ್ಲೋ ಹೂರಣದಲ್ಲೋ ಮೊಟ್ಟೆ ಇರಬಹುದು, ಕೇಳಿಕೊಂಡೇ ತಿನ್ನಿ.

"ಸಮಾರ್ಖ್ವೋ" ಅನ್ನುವ ಮಾತು ಕಲಿತುಕೊಳ್ಳಿ. ಅವರ ಉಪವಾಸದ ಊಟ ಅದು. ಮಾಂಸ, ಮೊಟ್ಟೆ, ಹಾಲಿನ ಪದಾರ್ಥ ಯಾವುದೂ ಇರುವುದಿಲ್ಲ. ಹೋಟೆಲಿನಲ್ಲಿ ಇದನ್ನು ಹೇಳಿದರೆ ಅರ್ಧ ಚಿಂತೆ ಕಡಿಮೆ. ಖಾರ ಮಾತ್ರ ಸಾಲುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೋಗಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ಕೊಯ್ಲು, ತುಳಿತ ಅವರಿಗೆ ಖುಷಿ. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಗಟ್ಟಿ ಕಾಯಿಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ ಚುರ್ಚ್‌ಖೇಲಾ ಕೊಡಿಸಿ. ಅದರಲ್ಲಿ ಮದ್ಯ ಇಲ್ಲ.

ನಾವೇ ಕಾರು ಬಾಡಿಗೆಗೆ ತಗೊಂಡು ಓಡಿಸಬಹುದಾ?

ರುಚಿ ನೋಡುವ ದಿನ ಬೇಡವೇ ಬೇಡ. ಡ್ರೈವರ್ ಇರುವ ಕಾರು ಮಾಡಿಕೊಳ್ಳಿ. ಗೊಂಬೋರಿ ಘಾಟಿನ ತಿರುವುಗಳು ಹೊಸಬರಿಗೆ ಕಷ್ಟ, ಅಲ್ಲಿ ಗಾಡಿ ಓಡುವುದೂ ರಸ್ತೆಯ ಬಲಗಡೆ.

ಬಾಟಲಿ ತರಬಹುದಾ? ಬಳ್ಳಿಯ ಕಡ್ಡಿ ತಂದು ನಮ್ಮ ತೋಟದಲ್ಲಿ ಹಚ್ಚಬಹುದಾ?

ಬಾಟಲಿ, ದೊಡ್ಡವರು ಒಬ್ಬೊಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲದೆ ತರಬಹುದು. 750 ಮಿಲಿಲೀಟರಿನ ಎರಡು ಅಂತ ಲೆಕ್ಕ ಇಟ್ಟುಕೊಳ್ಳಿ. ಬಟ್ಟೆಯಲ್ಲಿ ಸುತ್ತಿ ಲಗೇಜಿಗೆ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ.

ಕಡ್ಡಿ ಮಾತ್ರ ತರಲೇಬೇಡಿ. ಸಪೆರಾವಿ ನೋಡಿದ ಪ್ರತಿ ಬೆಳೆಗಾರನಿಗೂ ಒಂದು ಕಡ್ಡಿ ಮುರಿದುಕೊಳ್ಳುವ ಆಸೆ ಬರುತ್ತದೆ, ನನಗೂ ಬಂದಿತ್ತು. ಅನುಮತಿ ಪತ್ರ, ಸಸ್ಯ ತಪಾಸಣೆ ಇಲ್ಲದೆ ಗಿಡ, ಕಡ್ಡಿ ದೇಶದೊಳಗೆ ತರುವುದು ಕಾನೂನಿಗೆ ವಿರುದ್ಧ. ಕಾರಣವೂ ದೊಡ್ಡದೇ. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಬಳ್ಳಿಗಳ ಜೊತೆ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಹೇನು ಯುರೋಪಿಗೆ ಬಂದು, ಫ್ರಾನ್ಸಿನ ಎಷ್ಟೋ ತೋಟಗಳನ್ನು ನುಂಗಿತು. ಜಾರ್ಜಿಯಾಕ್ಕೂ ತಲುಪಿತು. ತಳಿ ನಿಜವಾಗಿಯೂ ಬೇಕು ಅನ್ನಿಸಿದರೆ ಅದರ ಹೆಸರು ಬರೆದುಕೊಂಡು ಬನ್ನಿ, ನಾಲ್ಕು ಜನ ಬೆಳೆಗಾರರು ಕೂಡಿ ತೋಟಗಾರಿಕೆ ಇಲಾಖೆಯ ಮೂಲಕ ಕೇಳೋಣ.